ಪಾದ ಊರಿದರೆ ಉಸಿರು ಹರಿಯುತ್ತದೆ

ಕಾಲಗಲಿಸಿ ನಿಂತು ಪಕ್ಕಕ್ಕೆ ಬಾಗುವ ತ್ರಿಕೋನಾಸನವನ್ನು ಕಲಿಯುವವರಲ್ಲಿ ಹೆಚ್ಚಿನವರು ಮೊದಲ ದಿನವೇ ಕೈಯನ್ನು ನೆಲಕ್ಕೆ ಮುಟ್ಟಿಸಲು ಹೊರಡುತ್ತಾರೆ. ಕೈ ಮುಟ್ಟುತ್ತದೆ ನಿಜ, ಆದರೆ ಅಷ್ಟರಲ್ಲಿ ಹಿಂಗಾಲಿನ ಹೊರ ಅಂಚು ಮೇಲೆದ್ದು, ಸೊಂಟ ಹಿಂದಕ್ಕೆ ಸರಿದು, ಎದೆ ನೆಲದತ್ತ ಮುಖ ಮಾಡಿ, ಉಸಿರು ಗಂಟಲಲ್ಲೇ ನಿಂತಿರುತ್ತದೆ. ನಾನೂ ಬಹಳ ಕಾಲ ಹೀಗೆಯೇ ಬಾಗಿ ತೊಡೆಯ ಹಿಂಭಾಗದ ಸ್ನಾಯುವನ್ನು ನೋಯಿಸಿಕೊಂಡೆ. ನೋವು ಇಳಿದ ಮೇಲೆ ಇದೇ ಆಸನವನ್ನು ಪಾದದಿಂದ ಆರಂಭಿಸಿ ಮತ್ತೆ ಕಲಿತೆ. ಆ ಕ್ರಮವನ್ನೇ ಇಲ್ಲಿ ವಿವರಿಸಿದ್ದೇನೆ.

ಇಂದು ಆಸನದಲ್ಲಿ ಅಂಗಗಳ ಜೋಡಣೆಗೆ ಸಿಕ್ಕಿರುವ ಮಹತ್ವದ ಹಿಂದೆ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಜೀವಮಾನದ ದುಡಿಮೆಯಿದೆ. ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ಸೊರಗಿದ್ದ ಅವರು 1934ರಲ್ಲಿ ಮೈಸೂರಿಗೆ ಬಂದು, ಭಾವನವರಾದ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು, 1937ರಲ್ಲಿ ಪುಣೆಗೆ ತೆರಳಿದರು. ಬಾಗದ ದೇಹದ ಕಷ್ಟವನ್ನು ಸ್ವತಃ ಉಂಡವರಾಗಿದ್ದ ಅವರು ಮರದ ಇಟ್ಟಿಗೆ, ಬೆಲ್ಟು, ಹಗ್ಗ, ಕುರ್ಚಿಗಳನ್ನು ಆಸನಕ್ಕೆ ಊರುಗೋಲಾಗಿ ತಂದರು. ನಮ್ಮ ಅಭ್ಯಾಸಕ್ಕೂ ಒಂದು ಇಟ್ಟಿಗೆ ಮತ್ತು ಒಂದು ಗೋಡೆ ಬೇಕು. ಮರದ ಇಟ್ಟಿಗೆ ಇಲ್ಲದಿದ್ದರೆ ಜಾರದಂಥ ಪುಟ್ಟ ಸ್ಟೂಲು ಸಾಕು.

ಶುರುಮಾಡುವ ಮೊದಲು ಪ್ರಾಣದ ಬಗ್ಗೆ ಎರಡು ಮಾತು. ಯೋಗ ಪರಂಪರೆಯು ದೇಹದಲ್ಲಿ ಐದು ವಾಯುಗಳನ್ನು, ಅಂದರೆ ಜೀವಶಕ್ತಿಯ ಐದು ಹರಿವುಗಳನ್ನು, ಹೇಳುತ್ತದೆ: ಎದೆಯಲ್ಲಿ ಪ್ರಾಣ, ಕಿಬ್ಬೊಟ್ಟೆಯ ಕೆಳಗೆ ಅಪಾನ, ನಾಭಿಯಲ್ಲಿ ಸಮಾನ, ಗಂಟಲಲ್ಲಿ ಉದಾನ, ಮೈಯೆಲ್ಲ ವ್ಯಾಪಿಸಿದ ವ್ಯಾನ. ಇವನ್ನು ಅಳೆಯುವ ಉಪಕರಣವಿಲ್ಲ. ಅಭ್ಯಾಸಿಯ ಕೈಗೆ ಸಿಗುವ ಲಗಾಮು ಉಸಿರೊಂದೇ. ನಿಂತ ಆಸನಗಳಲ್ಲಿ ನಾವು ಬಳಸುವ ಸೂತ್ರ ಸರಳವಾದದ್ದು: ನಾಭಿಯಿಂದ ಕೆಳಗಿನದು ಅಪಾನದ ದಿಕ್ಕಿನಲ್ಲಿ ನೆಲಕ್ಕೆ ಇಳಿಯಬೇಕು, ನಾಭಿಯಿಂದ ಮೇಲಿನದು ಪ್ರಾಣದ ದಿಕ್ಕಿನಲ್ಲಿ ಹಿಗ್ಗಬೇಕು. ಅಂಗಗಳ ಜೋಡಣೆ ಈ ಎರಡು ಹರಿವುಗಳಿಗೆ ದಾರಿ ಬಿಡಿಸುವ ಕೆಲಸವೇ ಹೊರತು, ಚಿತ್ರದಲ್ಲಿರುವ ಭಂಗಿಯನ್ನು ಹೋಲುವ ಪ್ರಯತ್ನವಲ್ಲ.

ಮೊದಲ ಹೆಜ್ಜೆ ಪಾದದ್ದು, ಹೆಚ್ಚು ಸಮಯ ಕೊಡಬೇಕಾದದ್ದೂ ಇದಕ್ಕೇ. ಅಂಗಾಲನ್ನು ನೀರಿನಲ್ಲಿ ಒದ್ದೆ ಮಾಡಿ ಕಾವಿ ನೆಲದ ಮೇಲೆ ಒಂದು ಸಲ ನಿಂತು ಪಕ್ಕಕ್ಕೆ ಸರಿಯಿರಿ. ನೆಲದ ಮೇಲೆ ಮೂಡಿದ ಗುರುತು ಒಳಬದಿಯಲ್ಲಿ ಕಮಾನಿನಂತೆ ಬಾಗಿದೆಯೇ, ಇಲ್ಲವೇ ಇಡೀ ಪಾದ ಒತ್ತಿದ ಹಾಗೆ ತುಂಬಿಕೊಂಡಿದೆಯೇ ಎಂದು ನೋಡಿ. ತುಂಬಿಕೊಂಡಿದ್ದರೆ ತೂಕ ಒಳಕ್ಕೆ ಕುಸಿಯುತ್ತಿರಬಹುದು, ಅದರೊಂದಿಗೆ ಮಂಡಿಯೂ ಒಳಕ್ಕೆ ಹೊರಳುತ್ತದೆ. ಈಗ ಪಾದ ಒರೆಸಿಕೊಂಡು ತಾಡಾಸನದಲ್ಲಿ, ಅಂದರೆ ಕಾಲು ಜೋಡಿಸಿ ನೆಟ್ಟಗೆ, ನಿಂತು, ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ ಈ ಮೂರು ಕಡೆ ಸಮನಾಗಿ ಒತ್ತಿ, ಬೆರಳುಗಳನ್ನು ಅಗಲಿಸಿ ಹಗುರವಾಗಿ ಇಳಿಸಿ. ಒತ್ತಿದಷ್ಟೂ ಕಮಾನು ತಾನಾಗಿ ಮೇಲೇಳುವುದು, ತೊಡೆಯ ಸ್ನಾಯು ಬಿಗಿದು ಮಂಡಿಚಿಪ್ಪು ಮೇಲಕ್ಕೆ ಸರಿಯುವುದು ನಿಮಗೇ ತಿಳಿಯುತ್ತದೆ. ಈ ಹಿಡಿತ ಸಿಗುವವರೆಗೆ ಎಷ್ಟು ದಿನವಾದರೂ ತಾಡಾಸನದಲ್ಲೇ ನಿಲ್ಲುವುದು ಒಳ್ಳೆಯದು.

ಬಳಿಕ ಗೋಡೆಗೆ ಬೆನ್ನು ಮಾಡಿ ಕಾಲುಗಳನ್ನು ಮೂರರಿಂದ ಮೂರೂವರೆ ಅಡಿ ಅಗಲಿಸಿ. ಬಲಪಾದವನ್ನು ಪೂರ್ತಿ ಹೊರಕ್ಕೆ, ಎಡಪಾದವನ್ನು ಸ್ವಲ್ಪ ಒಳಕ್ಕೆ ತಿರುಗಿಸಿ, ಬಲ ಹಿಮ್ಮಡಿಯಿಂದ ಎಳೆದ ಗೆರೆ ಎಡಪಾದದ ಕಮಾನಿನ ನಡುವೆ ಹಾಯುವಂತೆ ನಿಲ್ಲಿ. ಬಲ ಮಂಡಿ ಎರಡನೆಯ ಬೆರಳಿನ ನೇರಕ್ಕಿರಲಿ. ಪಾದ ಹೊರಕ್ಕೆ ತಿರುಗಿಯೂ ಮಂಡಿ ಒಳಕ್ಕೇ ಉಳಿದರೆ ತಿರುಚುವಿಕೆಯ ಭಾರವೆಲ್ಲ ಮಂಡಿಯ ಕೀಲಿನ ಮೇಲೆ ಬೀಳುತ್ತದೆ, ತಿರುಗಬೇಕಾದದ್ದು ತೊಡೆಸಂದಿನಿಂದ. ಮಂಡಿ ಹಿಂದಕ್ಕೆ ಬಾಗುವ ಸ್ವಭಾವದವರು ಅದನ್ನು ಕೂದಲೆಳೆಯಷ್ಟು ಸಡಿಲಿಸಿ ತೊಡೆಯನ್ನು ಬಿಗಿಯಬೇಕು.

ಉಸಿರು ಒಳಗೆ ತೆಗೆದುಕೊಳ್ಳುತ್ತ ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ಚಾಚಿ. ಉಸಿರು ಬಿಡುತ್ತ ಇಡೀ ಮುಂಡವನ್ನು ಬಲಕ್ಕೆ ಉದ್ದಗೊಳಿಸಿ, ತೊಡೆಸಂದಿನಲ್ಲಿ ಬಾಗಿ. ಯಾರೋ ನಿಮ್ಮ ಬಲಗೈ ಹಿಡಿದು ಪಕ್ಕಕ್ಕೆ ಎಳೆಯುತ್ತಿದ್ದಾರೆ, ಎಡ ಹಿಮ್ಮಡಿ ಮಾತ್ರ ನೆಲ ಬಿಟ್ಟು ಕದಲಲೊಲ್ಲದು ಎಂಬಂತೆ. ಇನ್ನು ಉದ್ದವಾಗದು ಎನಿಸಿದಲ್ಲಿ ಕೈಯನ್ನು ಇಟ್ಟಿಗೆಯ ಮೇಲೆ ಇಳಿಸಿ. ಇಟ್ಟಿಗೆ ಉದ್ದವಾಗಿ ನಿಂತಿರಲಿ, ಬಲಗಾಲಿನ ಹೊರಬದಿಗಿರಲಿ. ಎಡಗೈಯನ್ನು ಮೇಲಕ್ಕೆತ್ತಿ, ಭುಜದ ಹಲಗೆಗಳು ಗೋಡೆಯತ್ತ ಸರಿಯುವಂತೆ ಎದೆಯನ್ನು ತಿರುಗಿಸಿ. ಗೋಡೆ ಇಲ್ಲಿ ಸುಳ್ಳು ಹೇಳದ ಸಾಕ್ಷಿ: ಸೊಂಟ ಒತ್ತಿ ಕೂತು ಭುಜ ಗೋಡೆಯಿಂದ ದೂರ ಉಳಿದರೆ ಎದೆ ಮುಂದಕ್ಕೆ ಬಿದ್ದಿದೆ ಎಂದೇ ಅರ್ಥ.

ಇನ್ನು ಉಸಿರಿನ ಪರೀಕ್ಷೆ. ಕೆಳಗಿನ ಬಲಪಕ್ಕೆ ಮಡಿಚಿಕೊಂಡಿದ್ದರೆ ಆ ಬದಿಯ ಪಕ್ಕೆಲುಬುಗಳು ಅರಳಲಾರವು, ಶ್ವಾಸಕೋಶಕ್ಕೆ ಜಾಗ ಸಾಲದು. ಆಗ ಬಲಗೈಯನ್ನು ಇನ್ನಷ್ಟು ಮೇಲಕ್ಕೆ ತಂದು ಪಕ್ಕೆಯನ್ನು ಉದ್ದ ಮಾಡಿ. ಉಸಿರು ಬಿಡುವಾಗ ಗಮನ ತೊಡೆಗಳ ಮೂಲಕ ಹಿಮ್ಮಡಿಗೆ ಇಳಿಯಲಿ. ಎಳೆದುಕೊಳ್ಳುವಾಗ ನಾಭಿಯಿಂದ ಎದೆಗೆ, ಎದೆಯಿಂದ ಎರಡೂ ಅಂಗೈಗಳಿಗೆ ಹರಡಲಿ. ಯೋಗಸೂತ್ರದಲ್ಲಿ ಪತಂಜಲಿಗಳು 'ಸ್ಥಿರಸುಖಮಾಸನಂ' (ಆಸನ ಸ್ಥಿರವೂ ಸುಖವೂ ಆಗಿರಬೇಕು) ಎಂದು ಹೇಳಿ, ಅದರ ಮುಂದಿನ ಸೂತ್ರದಲ್ಲೇ ಪ್ರಯತ್ನದ ಶೈಥಿಲ್ಯವನ್ನು, ಅಂದರೆ ಬಲವಂತ ಸಡಿಲಾಗುವುದನ್ನು, ಹೇಳಿದ್ದಾರೆ. ಹಲ್ಲು ಕಚ್ಚಿದ್ದರೆ, ಹುಬ್ಬು ಗಂಟಿಕ್ಕಿದ್ದರೆ ಆ ಶೈಥಿಲ್ಯ ಇನ್ನೂ ಬಂದಿಲ್ಲ. ಕಾಲುಗಳ ಬಿಗಿ ಹಾಗೇ ಇರಲಿ, ಮುಖ ಮಾತ್ರ ಸಡಿಲಾಗಲಿ.

ಆರಂಭದಲ್ಲಿ ಐದಾರು ಸಮ ಉಸಿರುಗಳಷ್ಟು ಹೊತ್ತು ಸಾಕು, ಮುಂದೆ ಅರ್ಧ ನಿಮಿಷದಿಂದ ಒಂದು ನಿಮಿಷ. ದೃಷ್ಟಿ ಮೇಲಿನ ಹೆಬ್ಬೆರಳಿನ ಮೇಲಿರಬೇಕೆಂಬುದು ಕ್ರಮವಾದರೂ, ಕುತ್ತಿಗೆ ನೋವಿರುವವರು ನೇರಕ್ಕೆ, ರಕ್ತದೊತ್ತಡವಿರುವವರು ನೆಲದತ್ತ ನೋಡಬೇಕು. ಗರ್ಭಿಣಿಯರು, ಮಂಡಿ ಅಥವಾ ಬೆನ್ನಿನ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ. ತೊಡೆಯ ಹಿಂಭಾಗ ಹಿಗ್ಗುವ ಸೆಳೆತ ಸಹಜ; ಕೂರುವ ಮೂಳೆಯ ಬಳಿ ಅಥವಾ ಮಂಡಿಯೊಳಗೆ ಚುಚ್ಚಿದಂತಾದರೆ ತಡಮಾಡದೆ ಮೇಲೇಳಿ.

ಏಳುವಾಗಲೂ ಹಿಂಗಾಲೇ ಆಧಾರ. ಎಡ ಹಿಮ್ಮಡಿಯನ್ನು ಒತ್ತುತ್ತ, ಉಸಿರು ತೆಗೆದುಕೊಳ್ಳುತ್ತ ಮೇಲೆ ಬಂದು, ಎಡಬದಿಗೆ ಹೋಗುವ ಮುನ್ನ ತಾಡಾಸನದಲ್ಲಿ ನಿಂತು ಎರಡು ಬದಿಗಳನ್ನು ಹೋಲಿಸಿ ನೋಡಿ. ಬಲಪಾದ ಅಗಲವಾದಂತೆ, ಬಲಪಕ್ಕೆ ಉದ್ದವಾದಂತೆ ಅನಿಸಿದರೆ ಕೆಲಸ ಆಗಬೇಕಾದಲ್ಲೇ ಆಗಿದೆ. ನಿಂತ ಇಟ್ಟಿಗೆಯ ಮೇಲೆ ಒಂದು ನಿಮಿಷವಿದ್ದರೂ ಉಸಿರಿನ ಲಯ ಕೆಡದಿದ್ದಾಗ ಅದನ್ನು ಅಡ್ಡಲಾಗಿ ನಿಲ್ಲಿಸಿ, ಅಲ್ಲಿಯೂ ಲಯ ಉಳಿದರೆ ಮಲಗಿಸಿ. ಲಯ ಕೆಟ್ಟ ದಿನ ಮತ್ತೆ ಎತ್ತಿ ನಿಲ್ಲಿಸಿಕೊಳ್ಳಿ.