‘ಕ್ಯಾಮೆರಾ ಹಾಕಿದ್ದಾರಂತೆ!’: ಹೆದ್ದಾರಿ ಸುದ್ದಿ ನಿಜವೋ ಸುಳ್ಳೋ ನೋಡುವುದು ಹೇಗೆ?

“ಎಲ್ಲರ ಗಮನಕ್ಕೆ. ಇಂದಿನಿಂದ ಹಾಸನ–ಸಕಲೇಶಪುರ ರಸ್ತೆಯಲ್ಲಿ ಹೊಸ ಸ್ಪೀಡ್ ಕ್ಯಾಮೆರಾ ಶುರು. 80 ದಾಟಿದರೆ ಫಾಸ್ಟ್ಯಾಗ್‌ನಿಂದ 2000 ರೂಪಾಯಿ ಕಟ್. ಮೇಲೆ ಹಾಕಿರುವ ಲೈಟ್ ಬೋರ್ಡ್‌ಗಳೆಲ್ಲ ಕ್ಯಾಮೆರಾನೇ. ತಪ್ಪದೆ ಎಲ್ಲ ಗ್ರೂಪ್‌ಗೂ ಕಳಿಸಿ.”

ಈ ಧಾಟಿಯ ಮೆಸೇಜ್ ನಿಮ್ಮ ಫೋನಿಗೂ ಬಂದಿರುತ್ತದೆ. ಹೆಚ್ಚಿನವರು ಸುಮ್ನೆ ಮುಂದಕ್ಕೆ ಕಳಿಸುತ್ತಾರೆ. ‘ಸುಳ್ಳಾದರೆ ನಷ್ಟ ಏನು, ಜನ ನಿಧಾನಕ್ಕೆ ಹೋಗಲಿ ಬಿಡಿ’ ಅನ್ನುವವರೂ ಇದ್ದಾರೆ. ನಷ್ಟ ಇದೆ. ಬೋರ್ಡ್ ಕಂಡ ಕೂಡಲೇ ಗಾಬರಿಯಿಂದ ಬ್ರೇಕ್ ಒತ್ತಿದರೆ ಹಿಂದೆ ಬರುತ್ತಿರುವ ಟ್ಯಾಂಕರ್‌ಗೆ ನಿಲ್ಲಲು ಜಾಗ ಸಿಗುವುದಿಲ್ಲ. ಮಂಗಳೂರು ಕಡೆಯಿಂದ ಘಾಟಿ ಹತ್ತಿ ಬರುವ ಟ್ಯಾಂಕರ್‌ಗಳು ಈ ರಸ್ತೆಯಲ್ಲಿ ಎಷ್ಟಿರುತ್ತವೆ ಎಂದು ನಮಗೆ ಗೊತ್ತೇ ಇದೆ. ಇನ್ನೊಂದು ನಷ್ಟ ಜೇಬಿನದು. ಕ್ಯಾಮೆರಾ ಭಯ ಹುಟ್ಟಿಸಿದ ಮೇಲೆ ‘ನಿಮ್ಮ ಗಾಡಿಗೆ ದಂಡ ಬಿದ್ದಿದೆ’ ಎಂಬ ಮೋಸದ ಲಿಂಕ್ ಒತ್ತಿಸುವುದು ಬಹಳ ಸುಲಭ.

ಹಾಗಾಗಿ ಇಂಥ ಮೆಸೇಜ್ ಬಂದಾಗ ಐದು ನಿಮಿಷ ಕೊಡಿ. ಎಲ್ಲಿಂದ ಶುರು ಮಾಡಬೇಕು ಎಂದು ಒಂದೊಂದಾಗಿ ನೋಡೋಣ.

ಮೊದಲು ರಸ್ತೆಯ ನಂಬರ್ ನೋಡಿ

ಹಾಸನದವರಿಗೆ ಇದೇ ಮುಖ್ಯ. ಬೆಂಗಳೂರಿನಿಂದ ಹಾಸನ, ಸಕಲೇಶಪುರ ಹಾದು ಮಂಗಳೂರು ಕಡೆ ಹೋಗುವ ನಮ್ಮ ಹೆದ್ದಾರಿಗೆ ಮೊದಲು 48 ಎಂಬ ನಂಬರ್ ಇತ್ತು. 2010ರಲ್ಲಿ ದೇಶದ ಹೆದ್ದಾರಿಗಳ ನಂಬರ್ ಬದಲಾದಾಗ ಅದು 75 ಆಯಿತು. ಊರಿನ ಹಿರಿಯರು, ಲಾರಿಯವರು ಈಗಲೂ ‘ಫಾರ್ಟಿ ಎಯ್ಟ್’ ಅನ್ನುತ್ತಾರೆ. ಆದರೆ ಇವತ್ತಿನ 48 ಬೇರೆ ರಸ್ತೆ. ಅದು ನೆಲಮಂಗಲದಿಂದ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ ಕಡೆ ಹೋಗುತ್ತದೆ. ‘ಎನ್‌ಎಚ್ 48ರಲ್ಲಿ ಕ್ಯಾಮೆರಾ’ ಎಂಬ ಸುದ್ದಿ ತುಮಕೂರು ರಸ್ತೆಯ ಮಟ್ಟಿಗೆ ನಿಜವಾಗಿದ್ದು, ನಮ್ಮ ಗ್ರೂಪಿಗೆ ಬರುವ ಹೊತ್ತಿಗೆ ಹಾಸನದ್ದಾಗಿ ಬಿಡಬಹುದು.

ಬೆಂಗಳೂರು–ಮೈಸೂರು ಹೆದ್ದಾರಿಯ ನಂಬರ್ 275. ಅಲ್ಲಿನ ಮುಖ್ಯ ರಸ್ತೆಯಲ್ಲಿ ಬೈಕ್, ಆಟೊ ಓಡಿಸುವುದನ್ನು 2023ರ ಆಗಸ್ಟ್ 1ರಿಂದ ನಿಲ್ಲಿಸಲಾಯಿತು. ಆ ಆದೇಶ ಆ ರಸ್ತೆಗಷ್ಟೇ. ‘ಹೆದ್ದಾರಿಯಲ್ಲಿ ಬೈಕ್ ನಿಷೇಧ’ ಎಂದು ಅರ್ಧ ಸಾಲು ಮಾತ್ರ ಕಳಿಸಿದರೆ ಚನ್ನರಾಯಪಟ್ಟಣದ ಹುಡುಗನೂ ಹೆದರುತ್ತಾನೆ, ಅಲ್ವಾ? ಚಿಕ್ಕಮಗಳೂರು ಕಡೆಯವರು 73 ಮತ್ತು 173 ಎಂಬ ಎರಡು ನಂಬರ್ ನೆನಪಿಡಿ. ಚಾರ್ಮಾಡಿ, ಮೂಡಿಗೆರೆ, ಬೇಲೂರು ಮೇಲೆ ಹೋಗುವುದು 73. ಮೂಡಿಗೆರೆಯಿಂದ ಚಿಕ್ಕಮಗಳೂರು, ಕಡೂರು ಕಡೆ ಹೋಗುವುದು 173.

ಮೆಸೇಜಿನಲ್ಲಿ ರಸ್ತೆ ನಂಬರೂ ಇಲ್ಲ, ಊರೂ ಇಲ್ಲ, ದಿನಾಂಕವೂ ಇಲ್ಲ, ಬರೀ ‘ಇಂದಿನಿಂದ’ ಎಂದಿದೆಯಾ? ಯಾವ ಇಂದು? ಎರಡು ವರ್ಷ ಹಳೆಯ ಮೆಸೇಜೂ ‘ಇಂದಿನಿಂದ’ ಎಂದೇ ಹೇಳುತ್ತದೆ. ಅದನ್ನು ಅಲ್ಲಿಗೇ ಬಿಡಿ.

ಮೈಲಿ, ಪೌಂಡ್ ಕಂಡರೆ ಅದು ಬ್ರಿಟನ್ ಸರಕು. ‘ಮಿತಿಗಿಂತ ಹತ್ತು ಪರ್ಸೆಂಟ್, ಅದರ ಮೇಲೆ ಇನ್ನೆರಡು ಮೈಲಿ, ಅಷ್ಟರವರೆಗೆ ದಂಡ ಇಲ್ಲ’ ಎಂಬ ಮಾತು ಅಲ್ಲಿಂದಲೇ ಬಂದದ್ದು. ಅದು ಅಲ್ಲಿನ ಪೊಲೀಸ್ ಮುಖ್ಯಸ್ಥರ ಮಾರ್ಗಸೂಚಿ. ಅಲ್ಲೂ ಅದು ಕಾನೂನಲ್ಲ. ಲೈಟ್ ಬೋರ್ಡ್ ಚೌಕಟ್ಟಿನ ಮೇಲೆ ಕ್ಯಾಮೆರಾ ಇರುತ್ತದೆ ಎಂಬುದು ಕೂಡ ಅಲ್ಲಿನ ಕೆಲವು ಮೋಟರ್‌ವೇಗಳ ಮಟ್ಟಿಗೆ ನಿಜ. ಅಲ್ಲಿ ಬೋರ್ಡಿನ ಅಂಕಿಯ ಸುತ್ತ ಕೆಂಪು ಉಂಗುರ ಇದ್ದರೆ ಅದು ಕಡ್ಡಾಯ ಮಿತಿ, ಇಲ್ಲದಿದ್ದರೆ ಸಲಹೆ. ಅದನ್ನೆಲ್ಲ ಹಾಸನದ ಬೈಪಾಸ್‌ಗೆ ತಂದು ಅಂಟಿಸಬಾರದು.

ಕಂಡ ಪೆಟ್ಟಿಗೆ ಯಾವುದು ಎಂದು ಗುರುತಿಸಿ

ಹೆದ್ದಾರಿಯಲ್ಲಿ ಕಾಣುವ ಎಲ್ಲವೂ ಒಂದೇ ಅಲ್ಲ. ಗೊಂದಲ ಹುಟ್ಟುವುದೇ ಇಲ್ಲಿ. ಒಂದು ಎಚ್ಚರಿಕೆ: ಗಾಡಿ ಓಡಿಸುವವರು ಈ ಕೆಲಸಕ್ಕೆ ಇಳಿಯಬೇಡಿ. ಪಕ್ಕದಲ್ಲಿ ಕುಳಿತವರು ನೋಡಲಿ. ಫೋಟೊ ತೆಗೆಯಲು ಹೆದ್ದಾರಿ ಅಂಚಿನಲ್ಲಿ ನಿಲ್ಲಿಸುವುದಂತೂ ಬೇಡವೇ ಬೇಡ.

ರಸ್ತೆಯ ಮೇಲೆ ಅಡ್ಡ ಚೌಕಟ್ಟಿನಲ್ಲಿ ಕಪ್ಪು ಹಲಗೆ, ಅದರಲ್ಲಿ ಎಲ್‌ಇಡಿ ಅಕ್ಷರ ಉರಿಯುತ್ತಿದ್ದರೆ ಅದು ಸಂದೇಶ ಬದಲಾಗುವ ಬೋರ್ಡ್. ಮುಂದೆ ಅಪಘಾತ, ಮಂಜು, ರಸ್ತೆ ಕೆಲಸ ಇದೆ ಎಂದು ಕಂಟ್ರೋಲ್ ರೂಮಿನಲ್ಲಿ ಕುಳಿತವರು ಅಲ್ಲಿಂದಲೇ ಸಂದೇಶ ಬದಲಿಸುತ್ತಾರೆ. ಬೋರ್ಡ್ ಫೋಟೊ ತೆಗೆಯುವುದಿಲ್ಲ. ಆದರೆ ಅದೇ ಚೌಕಟ್ಟಿಗೆ ಕ್ಯಾಮೆರಾವನ್ನೂ ಬಿಗಿಯಬಹುದು. ಅದಕ್ಕೇ ‘ಬೋರ್ಡ್ ಎಂದರೆ ಕ್ಯಾಮೆರಾ’ ಎನ್ನುವುದೂ ತಪ್ಪು, ‘ಬೋರ್ಡಿನ ಹತ್ತಿರ ಕ್ಯಾಮೆರಾ ಇರುವುದೇ ಇಲ್ಲ’ ಎನ್ನುವುದೂ ತಪ್ಪು.

‘ನಿಮ್ಮ ವೇಗ’ ಎಂದು ತೋರಿಸುವ ಚಿಕ್ಕ ಹಲಗೆಯಲ್ಲಿ ರೇಡಾರ್ ಇರುತ್ತದೆ. ಅದು ಕಳಿಸಿದ ಅಲೆ ಗಾಡಿಗೆ ಬಡಿದು ವಾಪಸ್ ಬರುವಾಗ ಬದಲಾಗುತ್ತದೆ. ಆ ಬದಲಾವಣೆಯಿಂದ ವೇಗ ಲೆಕ್ಕ ಹಾಕಿ ಅಂಕಿ ತೋರಿಸುತ್ತದೆ. ದಂಡ ಹಾಕಲು ನಂಬರ್ ಪ್ಲೇಟಿನ ಚಿತ್ರ ಬೇಕು. ಕ್ಯಾಮೆರಾ ಜೊತೆಗಿಲ್ಲದಿದ್ದರೆ ಆ ಹಲಗೆ ಎಚ್ಚರಿಸುವುದಷ್ಟೇ.

ದಂಡಕ್ಕೆ ಬಳಸುವ ಕ್ಯಾಮೆರಾ ಲೇನ್‌ಗಳತ್ತ ಮುಖ ಮಾಡಿರುತ್ತದೆ. ರಾತ್ರಿಯಲ್ಲೂ ಪ್ಲೇಟ್ ಓದಲು ಅದಕ್ಕೆ ಬೆಳಕಿನ ಸಣ್ಣ ಪೆಟ್ಟಿಗೆ ಜೊತೆಗಿರುತ್ತದೆ. ಎರಡು ಜಾಗದ ನಡುವಿನ ಸಮಯ ಲೆಕ್ಕ ಹಾಕುವ ವ್ಯವಸ್ಥೆಯೂ ಇದೆ. 80ರ ಮಿತಿಯಲ್ಲಿ 20 ಕಿ.ಮೀ. ಹೋಗಲು 15 ನಿಮಿಷ ಬೇಕು. ನೀವು 12 ನಿಮಿಷದಲ್ಲಿ ಮುಟ್ಟಿದರೆ ಸರಾಸರಿ 100ರಲ್ಲಿ ಬಂದಿದ್ದೀರಿ ಎಂದರ್ಥ. ಅಲ್ಲಿ ಕ್ಯಾಮೆರಾ ಕಂಡಾಗ ಮಾತ್ರ ನಿಧಾನ ಮಾಡಿ ಪ್ರಯೋಜನ ಇಲ್ಲ.

ಶಾಂತಿಗ್ರಾಮದ ಟೋಲ್‌ನಲ್ಲಿ ಲೇನ್ ಮೇಲೆ ಕ್ಯಾಮೆರಾ ಕಾಣುತ್ತದೆ, ನಿಜ. ಟೋಲ್ ಲೇನಿನ ಕ್ಯಾಮೆರಾ ಇರುವುದು ಯಾವ ಗಾಡಿ ದಾಟಿತು ಎಂದು ದಾಖಲಿಸಲು. ಕಂಬದ ತುದಿಯಲ್ಲಿ ಸುತ್ತ ತಿರುಗುವ ದುಂಡು ಕ್ಯಾಮೆರಾ ಸಂಚಾರದ ಮೇಲೆ ಕಣ್ಣಿಡಲು. ಇನ್ನು ಸಕಲೇಶಪುರ, ಆಲೂರು ಕಡೆಯ ಡಿಜಿಟಲ್ ಹಲಗೆಯಲ್ಲಿ ಕಾಡಾನೆ ಎಲ್ಲಿದೆ ಎಂದು ಬರುತ್ತಿದ್ದರೆ ಅದು ಅರಣ್ಯ ಇಲಾಖೆಯದು. ಅದನ್ನು ಕ್ಯಾಮೆರಾ ಎಂದು ತಪ್ಪು ತಿಳಿದು ಓದದೆ ದಾಟಿದರೆ ತೋಟದ ರಸ್ತೆಯ ತಿರುವಿನಲ್ಲಿ ಎದುರಾಗುವುದು ದಂಡಕ್ಕಿಂತ ದೊಡ್ಡದು.

ಹಾಗಂತ ಹೆದ್ದಾರಿಯಲ್ಲಿ ಕ್ಯಾಮೆರಾ ಬರುವುದಿಲ್ಲ ಎಂದಲ್ಲ. ಹೆದ್ದಾರಿ ಪ್ರಾಧಿಕಾರದ 2023ರ ನೀತಿಯಲ್ಲಿ ಪ್ರತಿ 10 ಕಿ.ಮೀ.ಗೆ ಒಂದು ಕ್ಯಾಮೆರಾ ವ್ಯವಸ್ಥೆ, ಪ್ರತಿ 100 ಕಿ.ಮೀ.ಗೆ ಒಂದು ಕಂಟ್ರೋಲ್ ರೂಮ್ ಎಂಬ ಯೋಜನೆ ಇದೆ. ಹೆಲ್ಮೆಟ್, ಸೀಟ್ ಬೆಲ್ಟ್, ತ್ರಿಬಲ್ ರೈಡಿಂಗ್, ರಾಂಗ್ ಸೈಡ್, ರಸ್ತೆಗೆ ಬಂದ ದನಕರು, ಎಲ್ಲವನ್ನೂ ಅದು ಗುರುತಿಸಬೇಕು. ನೀತಿ ಬಂದದ್ದು ಒಂದು, ನಮ್ಮೂರ ರಸ್ತೆಯಲ್ಲಿ ಕಂಬ ನಿಂತದ್ದು ಇನ್ನೊಂದು. ಮೆಸೇಜ್‌ಗಳು ಈ ಎರಡನ್ನೂ ಬೆರೆಸುತ್ತವೆ.

ನಿಯಮ ಏನು ಹೇಳುತ್ತದೆ, ಅದಕ್ಕೆ ಹೋಲಿಸಿ

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ 167ಎ ಎಂಬ ನಿಯಮ ಸೇರಿತು. ಇದನ್ನು ಗಾಡಿ ಇರುವ ಪ್ರತಿಯೊಬ್ಬರೂ ತಿಳಿದಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕ್ಯಾಮೆರಾದಿಂದ ದಂಡ ಹಾಕುವ ಜಾಗದಲ್ಲಿ ಜನರಿಗೆ ಕಾಣುವಂತೆ ಎಚ್ಚರಿಕೆಯ ಫಲಕ ಇರಬೇಕು. ಉಪಕರಣ ಸರಿಯಾಗಿ ಅಳೆಯುತ್ತದೆ ಎಂಬ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು. ಚಲನ್‌ನಲ್ಲಿ ಪ್ಲೇಟ್ ಸ್ಪಷ್ಟವಾಗಿ ಕಾಣುವ ಫೋಟೊ, ಅಳೆದ ವೇಗ, ದಿನಾಂಕ, ಸಮಯ, ಜಾಗ, ಯಾವ ಸೆಕ್ಷನ್ ಎಂಬುದು ಇರಬೇಕು. ಅಂದರೆ ‘ಗುಟ್ಟಾಗಿ ಹಾಕಿದ್ದಾರೆ, ಯಾರಿಗೂ ಹೇಳಿಲ್ಲ’ ಎಂಬ ಮೆಸೇಜ್ ನಿಯಮಕ್ಕೇ ಹೊಂದುವುದಿಲ್ಲ. ಪೊಲೀಸರು ಕೈಯಲ್ಲಿ ಹಿಡಿಯುವ ಅಥವಾ ಇಂಟರ್‌ಸೆಪ್ಟರ್ ಗಾಡಿಯಲ್ಲಿಡುವ ಸ್ಪೀಡ್ ಗನ್ ಮಾತ್ರ ಇವತ್ತು ಇಲ್ಲಿ, ನಾಳೆ ಅಲ್ಲಿ ಇರಬಹುದು.

ದಂಡದ ಮೊತ್ತಕ್ಕೆ ಬರೋಣ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಅತಿವೇಗಕ್ಕೆ ಕಾರಿನಂಥ ಲಘು ವಾಹನಗಳಿಗೆ 1000ದಿಂದ 2000 ರೂಪಾಯಿ, ಬಸ್, ಲಾರಿಗಳಿಗೆ 2000ದಿಂದ 4000 ರೂಪಾಯಿ. ಮೊದಲು ಹೇಳಿದ ಮೆಸೇಜಿನ 2000 ಹೀಗೆ ಕಾಯ್ದೆಯಿಂದಲೇ ಬಂದದ್ದು. ಫಾಸ್ಟ್ಯಾಗ್ ಮಾತು ಹಾಗಲ್ಲ. ಗಾಜಿಗೆ ಅಂಟಿಸಿದ ಆ ಸ್ಟಿಕ್ಕರ್‌ನಲ್ಲಿ ಬ್ಯಾಟರಿಯೇ ಇಲ್ಲ. ಟೋಲ್ ಲೇನಿನ ರೀಡರ್ ಹತ್ತಿರ ಬಂದಾಗ ತನ್ನ ನಂಬರ್ ಹೇಳುತ್ತದೆ, ಅಷ್ಟೆ. ನಿಮ್ಮ ವೇಗ ಅದಕ್ಕೆ ಗೊತ್ತಾಗುವುದಿಲ್ಲ. ಚಲನ್ ಬಂದರೆ ಅದನ್ನು ನೋಡಿ ಕಟ್ಟಬೇಕಾದವರು ನಾವೇ.

ಅರ್ಧ ನಿಜ ಇರುವ ಸುದ್ದಿ ಹಿಡಿಯುವುದೇ ಕಷ್ಟ. ‘130 ದಾಟಿದರೆ ಎಫ್‌ಐಆರ್’ ಎಂಬುದನ್ನು ಸುಳ್ಳು ಎಂದುಕೊಂಡವರಿದ್ದಾರೆ. 2024ರ ಆಗಸ್ಟ್ 1ರಿಂದ ಹಾಗೆ ಮಾಡುವುದಾಗಿ ರಾಜ್ಯ ಪೊಲೀಸರೇ ಪ್ರಕಟಿಸಿದ್ದರು. ‘ದಂಡದಲ್ಲಿ 50 ಪರ್ಸೆಂಟ್ ರಿಯಾಯಿತಿ’ ಎಂಬುದೂ ಹಾಗೆಯೇ. 2023ರ ಫೆಬ್ರುವರಿಯಲ್ಲಿ ಇತ್ತು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಇತ್ತು. ಇಂಥ ರಿಯಾಯಿತಿಗೆ ಸರ್ಕಾರಿ ಆದೇಶ ಮತ್ತು ಕೊನೆಯ ದಿನ ಎರಡೂ ಇರುತ್ತವೆ. ಮೆಸೇಜಿನಲ್ಲಿ ಅವು ಇವೆಯೇ ನೋಡಿ.

ಕೇಳಬೇಕಾದವರನ್ನು ಕೇಳಿ

ಜಿಲ್ಲಾ ಪೊಲೀಸರ ಅಧಿಕೃತ ಸಾಮಾಜಿಕ ಜಾಲತಾಣ ಖಾತೆ ನೋಡಿ. ಹೆದ್ದಾರಿಯ ತೊಂದರೆ, ಸಹಾಯಕ್ಕೆ 1033ಕ್ಕೆ ಕರೆ ಮಾಡಬಹುದು. ಜಾಗ ಹೇಳುವಾಗ ಹಳದಿ ತಲೆಯ ಕಿ.ಮೀ. ಕಲ್ಲಿನ ಅಂಕಿ ಹೇಳಿ. ಹಳದಿ ಎಂದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಎಂದರೆ ರಾಜ್ಯ ಹೆದ್ದಾರಿ. ಮ್ಯಾಪ್ ಆಪ್‌ನಲ್ಲಿ ಕಾಣುವ ಕ್ಯಾಮೆರಾ ಗುರುತನ್ನು ಪೂರ್ತಿ ನಂಬಬೇಡಿ. ಅದು ನಿಮ್ಮಂಥವರೇ ಯಾರೋ ಪ್ರಯಾಣಿಕರು ಒತ್ತಿ ಹೋದ ವರದಿ ಇರಬಹುದು.

ಪಕ್ಕಾ ಉತ್ತರವೇ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ರಾಜ್ಯದ ಕಚೇರಿಗೆ ಹಾಕುವ ಅರ್ಜಿ 150 ಪದ ಮೀರಬಾರದು, ಹಾಗಾಗಿ ನೇರವಾಗಿ ಕೇಳಿ: ಯಾವ ಕಿ.ಮೀ. ಕಲ್ಲಿನ ಬಳಿ ಕ್ಯಾಮೆರಾ ಇದೆ, ಅಲ್ಲಿನ ವೇಗಮಿತಿ ಎಷ್ಟು, ಉಪಕರಣದ ಪ್ರಮಾಣಪತ್ರ ಕೊನೆಯ ಸಲ ನವೀಕರಣ ಆದದ್ದು ಯಾವಾಗ. ಊರಿನ ಟ್ಯಾಕ್ಸಿ ಚಾಲಕರ ಸಂಘವೋ ಬೆಳೆಗಾರರ ಸಂಘವೋ ಒಂದು ಅರ್ಜಿ ಹಾಕಿ ಬಂದ ಉತ್ತರವನ್ನೇ ಗ್ರೂಪಿಗೆ ಹಾಕಿದರೆ ಎಷ್ಟು ಜನರಿಗೆ ಉಪಯೋಗ ನೋಡಿ.

ಚಲನ್ ಬಂದರೆ

ವಾಟ್ಸ್ಆ್ಯಪ್‌ನಲ್ಲಿ ‘ಆರ್‌ಟಿಒ ಚಲನ್’ ಎಂಬ ಹೆಸರಿನ ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ. ಅದನ್ನು ಇನ್‌ಸ್ಟಾಲ್ ಮಾಡಿದರೆ ನಿಮ್ಮ ಎಸ್‌ಎಂಎಸ್ ಓದಿ ಒಟಿಪಿ ಕದಿಯುತ್ತಾರೆ. ನಿಜವಾದ ಚಲನ್ ನೋಡಲು ಆಪ್ ಫೈಲ್ ಬೇಕಾಗುವುದೇ ಇಲ್ಲ. ಸರ್ಕಾರಿ ಎಸ್‌ಎಂಎಸ್ ಕಳಿಸಿದವರ ಹೆಸರಿನ ಕೊನೆಗೆ ಅಡ್ಡಗೆರೆ ಹಾಕಿ ‘ಜಿ’ ಅಕ್ಷರ ಇರುತ್ತದೆ. ಇದ್ದರೂ ಲಿಂಕ್ ಒತ್ತಬೇಡಿ. ಬ್ರೌಸರ್ ತೆರೆದು ಇ-ಚಲನ್ ಪರಿವಾಹನ್ ಜಾಲತಾಣಕ್ಕೆ ನೀವೇ ಹೋಗಿ. ವಿಳಾಸ ‘ಜಿಒವಿ ಡಾಟ್ ಇನ್’ ಎಂದು ಮುಗಿಯಬೇಕು. ಗಾಡಿ ನಂಬರ್ ಜೊತೆ ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ 5 ಅಂಕಿ ಹಾಕಿದರೆ ಬಾಕಿ ಇರುವುದು ಕಾಣುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಆ ಮೆಸೇಜಿಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಫೈಲ್ ಈಗಾಗಲೇ ಇನ್‌ಸ್ಟಾಲ್ ಆಗಿದ್ದರೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಸಿ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡ ಮಾಡಿದಷ್ಟೂ ಹಣ ಕೈ ದಾಟುತ್ತದೆ.

ಚಲನ್ ನಿಜವೇ ಆಗಿದ್ದರೆ ಫೋಟೊ ದೊಡ್ಡದು ಮಾಡಿ ನೋಡಿ. ಪ್ಲೇಟ್ ನಿಮ್ಮದೇ ನಂಬರ್, ಆದರೆ ಗಾಡಿಯ ಬಣ್ಣ, ಮಾಡೆಲ್, ಹಿಂದಿನ ಗಾಜಿನ ಸ್ಟಿಕ್ಕರ್ ಬೇರೆಯಾ? ಹಾಗಿದ್ದರೆ ನಿಮ್ಮ ನಂಬರನ್ನು ಯಾರೋ ಬಳಸುತ್ತಿದ್ದಾರೆ. ಅದೇ ಜಾಲತಾಣದ ದೂರು ವಿಭಾಗದಲ್ಲಿ ನಿಮ್ಮ ಗಾಡಿಯ ಫೋಟೊ, ಆರ್‌ಸಿ ಹಾಕಿ ಆಕ್ಷೇಪ ಸಲ್ಲಿಸಿ. ಪೊಲೀಸ್ ಠಾಣೆಯಲ್ಲೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಆ ದಿನ ನೀವು ಬೇರೆಡೆ ಇದ್ದಿರಿ ಎಂದು ತೋರಿಸುವ ಟೋಲ್ ರಸೀದಿ, ಪೆಟ್ರೋಲ್ ಬಿಲ್ ಏನಿದ್ದರೂ ಜೊತೆಗಿಡಿ. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮುಂದಿನ ಚಲನ್ ಬಂದರೆ ಮೊದಲು ಕೇಳುವುದು ಅದನ್ನೇ.