ತೋಟದ ಲೋರಾ ರಿಲೇ: ಎರಡು ಪ್ಯಾಕೆಟ್ ಬದಲು ಒಂದೇ ಕಳಿಸಿ ಸರಿಮಾಡಿದ್ದು

ಸಿದ್ದಾಪುರದ ಹತ್ತಿರ ನಮ್ಮದು ರೊಬಸ್ಟಾ ಕಾಫಿ ತೋಟ. ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಲೇಬೇಕು, ಆದರೆ ಕೆರೆ ಪಂಪ್‌ಶೆಡ್ ಗುಡ್ಡದ ಆಚೆ, ಮನೆ ಈಚೆ. ಹಾಗಾಗಿ ಗುಡ್ಡದ ಮೇಲೆ ಒಂದು ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಣ್ಣ ಸಂದೇಶ ಕಳಿಸುವ ರೇಡಿಯೋ) ರಿಲೇ ಇಟ್ಟಿದ್ದೆವು; ಒಂದು ಕಡೆಯ ಸಂದೇಶ ಕೇಳಿ ಇನ್ನೊಂದು ಕಡೆಗೆ ದಾಟಿಸುವುದು ಅದರ ಕೆಲಸ.

ತೊಂದರೆ ಏನೆಂದರೆ, ಮನೆಯಿಂದ ಕಳಿಸಿದ 'ಪಂಪ್ ಆಫ್' ಆಗಾಗ ತಲುಪುತ್ತಲೇ ಇರಲಿಲ್ಲ. ಎಸ್‌ಎಫ್12ರಲ್ಲಿ (ಲೋರಾದ ಅತಿ ನಿಧಾನದ, ಅತಿ ದೂರ ಮುಟ್ಟುವ ಸೆಟ್ಟಿಂಗ್) ಸಣ್ಣ ಪ್ಯಾಕೆಟ್ಟಿಗೂ ಸುಮಾರು ಒಂದು ಸೆಕೆಂಡ್ ಬೇಕು, ಮತ್ತು ರಿಲೇ ಮಾತಾಡುವಾಗ ಅದಕ್ಕೆ ಕಿವಿ ಕೇಳಿಸಲ್ಲ. ಆಂಟೆನಾ ಬದಲಿಸಿ ಅಂತ ಎಲ್ಲರೂ ಹೇಳಿದರು. ಸಿಗ್ನಲ್ ಚೆನ್ನಾಗೇ ಇತ್ತು, ಸುಮ್ನೆ ಖರ್ಚು.

ನೆಟ್‌ವರ್ಕ್ ಕೋಡಿಂಗ್, ಅಂದರೆ ಪ್ಯಾಕೆಟ್‌ಗಳನ್ನು ನಡುವೆ ಬೆರೆಸಿ ಕಳಿಸುವ ವಿಧಾನ, ಕೆಲಸ ಮಾಡಿತು. 2000ದಲ್ಲಿ ಆಲ್‌ಸ್ವೀಡ್ ಮತ್ತಿತರರು ಬರೆದ ಪ್ರಬಂಧದಿಂದ ಹೆಸರಾದ ವಿಚಾರ ಇದು. ಮನೆ ಕಳಿಸುವ ಪ್ಯಾಕೆಟ್ 1010, ಪಂಪ್ ತನ್ನ ಸ್ಥಿತಿ ತಿಳಿಸಲು ಕಳಿಸುವುದು 0110 ಅಂದುಕೊಳ್ಳಿ. ರಿಲೇ ಎರಡನ್ನೂ ಎಕ್ಸಾರ್ ಮಾಡಿ (ಬಿಟ್‌ಗಳು ಒಂದೇ ಆದರೆ 0, ಬೇರೆಯಾದರೆ 1) 1100 ಅಂತ ಒಂದೇ ಸಲ ಕಳಿಸುತ್ತದೆ. ಮನೆ ತಾನು ಕಳಿಸಿದ್ದ 1010 ಜೊತೆ ಮತ್ತೆ ಎಕ್ಸಾರ್ ಮಾಡಿದರೆ 0110 ಸಿಗುತ್ತದೆ, ಪಂಪಿನ ಕಡೆಯೂ ಹಾಗೇ. ರಿಲೇಗೆ ಬರುವ ಎರಡು, ರಿಲೇಯಿಂದ ಹೋಗುವ ಎರಡು, ಹೀಗಿದ್ದ ನಾಲ್ಕು ಪ್ರಸಾರ ಮೂರಕ್ಕೆ ಇಳಿಯಿತು, ರಿಲೇ ಮಾತಾಡುವ ಹೊತ್ತು ಅರ್ಧವಾಯಿತು.

ಕೋಡ್‌ನಲ್ಲಿ ತಲೆ ತಿಂದಿದ್ದು ಎಕ್ಸಾರ್ ಅಲ್ಲ, ಅದು ಒಂದು ಸಾಲು ಅಷ್ಟೇ. ಕಳಿಸಿದ ಪ್ಯಾಕೆಟ್ಟನ್ನು ಎರಡೂ ಕಡೆ ನೆನಪಿಟ್ಟುಕೊಳ್ಳಬೇಕು, ರಿಲೇ ಕಳಿಸುವ ಪ್ಯಾಕೆಟ್ಟಿನ ಹೆಡರ್‌ನಲ್ಲಿ (ತಲೆಭಾಗದಲ್ಲಿ) ಎರಡರ ಕ್ರಮಸಂಖ್ಯೆಯೂ ಇರಬೇಕು, ಇಲ್ಲದಿದ್ದರೆ ಹಳೇ ಪ್ಯಾಕೆಟ್ ಜೊತೆ ಬೆರೆಸಿ ಕಸ ಬರುತ್ತದೆ. ಚಿಕ್ಕದಕ್ಕೆ ಕೊನೆಯಲ್ಲಿ ಸೊನ್ನೆ ತುಂಬಿ ಉದ್ದ ಸಮ ಮಾಡಿ. ಬಿಡಿಸಿದ ಮೇಲೆ ಸಿಆರ್‌ಸಿ (ಪ್ಯಾಕೆಟ್ ಕೆಟ್ಟಿದೆಯೇ ಎಂದು ತಿಳಿಸುವ ಸಂಖ್ಯೆ) ನೋಡಿ. ಜೋಡಿ ಸಿಗದಿದ್ದರೆ ರಿಲೇ ಜಾಸ್ತಿ ಕಾಯಬಾರದು: ನಮ್ಮಲ್ಲಿ ಪಂಪಿನ ಸ್ಥಿತಿ ಕಾಯಬಹುದು, 'ಆಫ್' ಮಾತ್ರ ಕೋಡಿಂಗ್ ಇಲ್ಲದೆ ತಕ್ಷಣ ಹೋಗುತ್ತದೆ.