ಹಾರ್ಮೋನಿಯಂ ಪೆಟ್ಟಿಗೆಗೆ ಹೊಸ ಮೈ: ಕರಾವಳಿಯ ಹವೆಯಲ್ಲಿ ವಿನಿಯರ್, ಇನ್‌ಲೇ, ಪಾಲಿಶ್

ಮೇ ಕೊನೆಗೆ ಬರುವ ಪತ್ತನಾಜೆ ಕಳೆದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಊರಿನ ಮದುವೆ, ಕೋಲ, ಭಜನಾ ಮಂಗಲೋತ್ಸವಗಳ ಗಡಿಬಿಡಿಯೂ ತಗ್ಗುತ್ತದೆ. ಹಾರ್ಮೋನಿಯಂ ಮೂಲೆಯಲ್ಲಿ ಸುಮ್ನೆ ಕೂತಿರುತ್ತದೆ. ‘ಹೇಗೂ ಬಿಡುವಿದೆ, ಒಂದು ಕೈ ಪಾಲಿಶ್ ಹೊಡೆಯೋಣ’ ಅಂತ ಹೊಳೆಯುವುದು ಆಗಲೇ. ಪಾಲಿಶ್‌ಗೆ ಅದಕ್ಕಿಂತ ಕೆಟ್ಟ ಕಾಲ ನಮ್ಮ ಕಡೆ ಇನ್ನೊಂದಿಲ್ಲ.

ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ತಿಂಗಳುಗಳಲ್ಲಿ ಮರ ಗಾಳಿಯ ತೇವ ಕುಡಿದು ಉಬ್ಬಿರುತ್ತದೆ. ಆಗ ಅಂಟಿಸಿದ್ದು ಜನವರಿಯಲ್ಲಿ ಬಿರುಕು ಬಿಡುತ್ತದೆ, ಆಗ ಹಚ್ಚಿದ ಪಾಲಿಶ್ ಬೆಳ್ಳಗೆ ಮಂಜು ಕವಿದಂತಾಗುತ್ತದೆ. ಹಾಗಾಗಿ ಕೆಲಸವನ್ನು ಎರಡು ಭಾಗ ಮಾಡಿಕೊಳ್ಳಿ. ಬಿಚ್ಚುವುದು, ಹಳೆಯ ಬಣ್ಣ ತೆಗೆಯುವುದು, ವಿನ್ಯಾಸ ಬರೆದು ಇನ್‌ಲೇ ತುಂಡುಗಳನ್ನು (ಮರದೊಳಗೆ ಕೂರಿಸುವ ಅಲಂಕಾರದ ತುಂಡುಗಳನ್ನು) ಕತ್ತರಿಸುವುದು ಮಳೆಗಾಲಕ್ಕೆ. ಅಂಟು ಮತ್ತು ಪಾಲಿಶ್ ದೀಪಾವಳಿ ಕಳೆದ ಮೇಲೆ. ನವರಾತ್ರಿಯ ಆಯುಧಪೂಜೆಗೆ ವಾದ್ಯ ಫಳಫಳ ಹೊಳೆಯಬೇಕು ಎಂಬ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಒಂದು ವರ್ಷ ಹಳೆಯ ಮೈಯಲ್ಲೇ ಪೂಜೆಗೆ ಇಟ್ಟರೆ ಶಾರದೆ ಬೇಸರ ಮಾಡಿಕೊಳ್ಳುವುದಿಲ್ಲ.

ಮೊದಲು ಯಾವ ವಾದ್ಯ?

ಹೊಸಬರಿಗೆ ಹಾರ್ಮೋನಿಯಂ ಅಥವಾ ಶ್ರುತಿ ಪೆಟ್ಟಿಗೆಯೇ ಸರಿ. ಇವುಗಳಲ್ಲಿ ಸ್ವರ ಹುಟ್ಟುವುದು ಗಾಳಿಗೆ ಕಂಪಿಸುವ ಹಿತ್ತಾಳೆಯ ತೆಳು ನಾಲಗೆಯಿಂದ, ಅಂದರೆ ರೀಡ್‌ನಿಂದ. ಹೊರಗಿನ ಪೆಟ್ಟಿಗೆಗೆ ವಿನಿಯರ್, ಅಂದರೆ ತೆಳುವಾದ ಮರದ ಹಾಳೆ, ಅಂಟಿಸಿದರೆ ನಾದಕ್ಕೆ ಹೇಳಿಕೊಳ್ಳುವಂಥ ತೊಂದರೆ ಇಲ್ಲ. ಗಿಟಾರ್, ಪಿಟೀಲು, ವೀಣೆ ಹಾಗಲ್ಲ. ಅವುಗಳ ಮೇಲ್ಹಲಗೆ ಕಂಪಿಸಿದರೇ ನಾದ. ಗಿಟಾರಿನ ಮೇಲ್ಹಲಗೆ ಇರುವುದೇ ಸುಮಾರು 2.5ರಿಂದ 3 ಮಿ.ಮೀ. ಅದರ ಮೇಲೆ ಅರ್ಧ ಮಿ.ಮೀ. ವಿನಿಯರ್, ಅಂಟು, ದಪ್ಪ ಪಾಲಿಶ್ ಸೇರಿದರೆ ಧ್ವನಿ ಉಸಿರುಕಟ್ಟುತ್ತದೆ. ಗಿಟಾರಿಗೆ ವಿನಿಯರ್ ಹಾಕಲೇಬೇಕೆಂದಿದ್ದರೆ ತಂತಿಯ ಬಿರಟೆ ಇರುವ ತಲೆಭಾಗಕ್ಕೆ ಹಾಕಿ.

ಅಜ್ಜನ ಕಾಲದ ಪಿಟೀಲನ್ನಂತೂ ಮುಟ್ಟಲೇಬೇಡಿ. ಮಂಗಳೂರಿನ ಹಳೆಯ ಕ್ರೈಸ್ತ ಮನೆಗಳಲ್ಲಿ ಅಂಥ ಪಿಟೀಲುಗಳು ಇನ್ನೂ ಇವೆ. ಅದರ ಮೂಲ ವಾರ್ನಿಶ್ ಕೆರೆದು ಹೊಸದು ಬಳಿದರೆ ಬೆಲೆಯೂ ಹೋಯಿತು, ನಾದವೂ ಹೋಯಿತು.

ಬಿಚ್ಚುವುದು ಮತ್ತು ಹಳೆಯ ಪಾಲಿಶ್ ಪತ್ತೆ ಮಾಡುವುದು

ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ರೀಡ್ ಹಲಗೆ, ಕೀಗಳು, ತಿದಿ ಎಲ್ಲವನ್ನೂ ಹೊರತೆಗೆದು ಬೇರೆ ಕೋಣೆಯಲ್ಲಿ ಬಟ್ಟೆ ಸುತ್ತಿ ಇಡಿ. ರೀಡ್‌ನ ಸಂದಿಗೆ ಮರದ ಹುಡಿಯ ಒಂದು ಕಣ ಹೊಕ್ಕರೂ ಆ ಸ್ವರ ಗೊರಗೊರ ಅನ್ನುತ್ತದೆ, ಇಲ್ಲವೇ ಮೂಕವಾಗುತ್ತದೆ. ಪೆಟ್ಟಿಗೆಯ ಒಳಮೂಲೆಗಳಲ್ಲಿ ಸಣ್ಣ ತೂತು, ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹುಳ ಇದೆ ಅಂತ ಅರ್ಥ. ಅದಕ್ಕೆ ಔಷಧಿ ಹಾಕದೆ ಮೇಲೆ ವಿನಿಯರ್ ಹೊದಿಸಿದರೆ ಹುಳಕ್ಕೆ ಮನೆ ಕಟ್ಟಿಕೊಟ್ಟ ಹಾಗೆ.

ಹಳೆಯ ಪಾಲಿಶ್ ಯಾವುದೆಂದು ತಿಳಿಯುವುದು ಸುಲಭ. ಕಾಣದ ಜಾಗವೊಂದನ್ನು ಆರಿಸಿ, ಹತ್ತಿಗೆ ಸ್ಪಿರಿಟ್ ಅದ್ದಿ ಉಜ್ಜಿ. ಅಂಟಂಟಾಗಿ ಕರಗಿದರೆ ಅದು ಅರಗಿನ ಪಾಲಿಶ್. ಕರಗದಿದ್ದರೆ ಥಿನ್ನರ್ ಹಾಕಿ ನೋಡಿ. ಅದಕ್ಕೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಬಹುಶಃ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್). ಮೊದಲೆರಡನ್ನು ಅದೇ ದ್ರವದಿಂದ ಒರೆಸಿ ತೆಗೆಯಬಹುದು. ಮೂರನೆಯದನ್ನು ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿಯೇ ತೆಗೆಯಬೇಕು. 120 ನಂಬರಿನಿಂದ ಶುರು ಮಾಡಿ 180ಕ್ಕೆ ನಿಲ್ಲಿಸಿ. ಅಂಟಿಗೆ ಸ್ವಲ್ಪ ತರಿ ಬೇಕು, ಕನ್ನಡಿಯಷ್ಟು ನುಣುಪು ಬೇಡ. ಮಾಸ್ಕ್ ಹಾಕಿಕೊಳ್ಳಿ. ಬೀಟೆ ಮರದ ಹುಡಿಗೆ ಕೆಲವರಿಗೆ ಮೈಯೆಲ್ಲ ತುರಿಕೆ ಬರುತ್ತದೆ.

ವಿನಿಯರ್ ಅಂಟಿಸುವುದು

ಪ್ಲೈವುಡ್ ಅಂಗಡಿಯಲ್ಲಿ ಸಿಗುವ ವಿನಿಯರ್ ಸಾಧಾರಣವಾಗಿ ಅರ್ಧ ಮಿ.ಮೀ. ಆಸುಪಾಸು ದಪ್ಪ. ತೇಗ, ಬೀಟೆ ಎರಡೂ ಚಂದ. ‘ಸನ್‌ಮೈಕಾ ಹಾಕಿದರೆ ಆಗದಾ?’ ಅಂತ ಕೇಳುವವರಿದ್ದಾರೆ. ಆಗುತ್ತದೆ, ಹಾರ್ಮೋನಿಯಂ ಅಡುಗೆಮನೆ ಕಪಾಟಿನ ಥರ ಕಾಣುತ್ತದೆ, ಅಷ್ಟೇ.

ತೇಗ ಮತ್ತು ಬೀಟೆಯಲ್ಲಿ ಸಹಜ ಎಣ್ಣೆಯಂಶ ಇರುತ್ತದೆ. ಅಂಟಿಸುವ ಸ್ವಲ್ಪ ಮೊದಲು ಅಸಿಟೋನ್‌ನಲ್ಲಿ ಒಮ್ಮೆ ಒರೆಸಿ ಆರಲು ಬಿಡಿ. ವಿನಿಯರ್ ಪ್ರತಿ ಬದಿಯಲ್ಲೂ ಐದಾರು ಮಿ.ಮೀ. ಜಾಸ್ತಿ ಇರಲಿ, ಆಮೇಲೆ ಕತ್ತರಿಸಬಹುದು. ಮೊದಲು ಪಕ್ಕದ ಹಲಗೆಗಳು, ಕೊನೆಗೆ ಮೇಲ್ಮುಚ್ಚಳ. ಆಗ ಮೇಲಿನ ವಿನಿಯರ್ ಪಕ್ಕದ ಅಂಚನ್ನು ಮುಚ್ಚುತ್ತದೆ, ಎದುರಿಗೆ ಕೂತು ನುಡಿಸುವವರಿಗೆ ಜೋಡಣೆ ಕಾಣುವುದಿಲ್ಲ.

ಬಿಳಿ ಫೆವಿಕಾಲ್ ಸಾಕು. ಅದನ್ನು ಪೆಟ್ಟಿಗೆಯ ಹಲಗೆಗೆ ತೆಳುವಾಗಿ, ಒಂದೇ ಸಮನಾಗಿ ಸವರಿ. ವಿನಿಯರ್‌ಗೆ ಸವರಿದರೆ ಅದು ನೀರು ಕುಡಿದು ಹಪ್ಪಳದಂತೆ ಸುರುಳಿ ಸುತ್ತುತ್ತದೆ. ವಿನಿಯರ್ ಇಟ್ಟು, ಮೇಲೊಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ದಪ್ಪ ಹಲಗೆ, ಆಮೇಲೆ ಸಿ ಕ್ಲಾಂಪ್. ಬಿಗಿಯುವಾಗ ನಡುವಿನಿಂದ ಶುರು ಮಾಡಿ ಅಂಚಿನ ಕಡೆಗೆ ಬನ್ನಿ, ಆಗ ಹೆಚ್ಚಿನ ಅಂಟು ಹೊರಗೆ ಬರುತ್ತದೆ. ಪ್ಲಾಸ್ಟಿಕ್ ಬದಲು ಪತ್ರಿಕೆಯ ಹಾಳೆ ಇಟ್ಟರೆ ಅದರ ಅಕ್ಷರವೆಲ್ಲ ನಿಮ್ಮ ತೇಗದ ಮೇಲೆ ಅಚ್ಚಾದೀತು. ಡಬ್ಬಿಯ ಮೇಲೆ ಏನೇ ಬರೆದಿರಲಿ, ನಮ್ಮ ಹವೆಯಲ್ಲಿ ಒಂದು ಇಡೀ ದಿನ ಕ್ಲಾಂಪ್ ಬಿಚ್ಚಬೇಡಿ. ಬಿಚ್ಚಿದ ಮೇಲೂ ಒಂದು ವಾರ ಬಿಟ್ಟು ಮುಂದಿನ ಕೆಲಸ.

ಕ್ಲಾಂಪ್ ಇಲ್ಲದವರಿಗೆ ಇಸ್ತ್ರಿ ಪೆಟ್ಟಿಗೆಯ ದಾರಿ ಇದೆ. ಹಲಗೆಗೂ ವಿನಿಯರ್‌ಗೂ ಫೆವಿಕಾಲ್ ಸವರಿ, ಎರಡನ್ನೂ ಒಣಗಲು ಬಿಡಿ. ಒಣಗಿದ ಮೇಲೆ ಜೋಡಿಸಿ, ತೆಳು ಬಟ್ಟೆ ಹಾಸಿ, ಆವಿಯಿಲ್ಲದ ಮಧ್ಯಮ ಬಿಸಿಯಲ್ಲಿ ಒತ್ತಿ. ಈ ಅಂಟು ಬಿಸಿಗೆ ಮೆತ್ತಗಾಗಿ, ತಣಿದಾಗ ಮತ್ತೆ ಹಿಡಿಯುತ್ತದೆ. ಇದೇ ಗುಣ ಆಮೇಲೆ ಶತ್ರುವೂ ಹೌದು. ಏಪ್ರಿಲ್ ಬಿಸಿಲಿನಲ್ಲಿ ಬಾಗಿಲು ಹಾಕಿದ ಕಾರಿನೊಳಗೆ ಹಾರ್ಮೋನಿಯಂ ಇಟ್ಟು ಹೋದರೆ ಅಂಚು ಏಳುವುದು ಗ್ಯಾರಂಟಿ.

ತೆಳುವಾದ ಮುಚ್ಚಳಕ್ಕೆ ಒಂದೇ ಬದಿ ವಿನಿಯರ್ ಹಾಕಿದರೆ ಅದು ಬಾಗುತ್ತದೆ. ಒಳಬದಿಗೂ ಅಗ್ಗದ ವಿನಿಯರ್ ಒಂದನ್ನು ಅಂಟಿಸಿ, ಎರಡು ಕಡೆಯ ಎಳೆತ ಸಮ ಆಗಲಿ. ಪೂರ್ತಿ ಒಣಗಿದ ಮೇಲೆ ಉಗುರಿನಿಂದ ಟಕಟಕ ಬಡಿದು ನೋಡಿ. ಟೊಳ್ಳು ಸದ್ದು ಬಂದಲ್ಲಿ ಗಾಳಿ ಗುಳ್ಳೆ ಇದೆ. ಬ್ಲೇಡಿನಿಂದ ಮರದ ಎಳೆಯ ಜಾಡಿನಲ್ಲೇ ಒಂದು ಸೀಳು ಮಾಡಿ, ಸಿರಿಂಜಿನಲ್ಲಿ ಅಂಟು ಬಿಟ್ಟು ಒತ್ತಿಡಿ.

ಇನ್‌ಲೇ

ಕರ್ನಾಟಕದಲ್ಲಿ ಇನ್‌ಲೇ ಅಂದರೆ ಮೈಸೂರು. ಬೀಟೆ ಹಲಗೆಯಲ್ಲಿ ಬೇರೆ ಬಣ್ಣದ ಮರಗಳನ್ನು ಕೂರಿಸಿ ಚಿತ್ರ ಮಾಡುವ ಆ ಕಲೆಯಲ್ಲಿ ಹಿಂದೆ ಆನೆದಂತವೂ ಇತ್ತು. ಹಳೆಯ ವೀಣೆಗಳಲ್ಲೂ ದಂತ, ಜಿಂಕೆ ಕೊಂಬು ಕಾಣುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ಅವುಗಳ ವ್ಯಾಪಾರ ಅಪರಾಧ. ಯಾರಾದರೂ ‘ಹಳೆಯ ಸ್ಟಾಕ್ ಇದೆ’ ಅಂದರೂ ಕೊಳ್ಳಬೇಡಿ. ಬಿಳಿ ಬೇಕಾದರೆ ಪ್ಲಾಸ್ಟಿಕ್ ಹಾಳೆ ಅಥವಾ ಮುತ್ತಿನ ಚಿಪ್ಪು.

ಚಿಪ್ಪು ಅಂದ ಕೂಡಲೇ ನಮ್ಮವರ ಕಣ್ಣು ಅಡುಗೆಮನೆ ಹಿತ್ತಲಿನ ಮರುವಾಯಿ ರಾಶಿಯ ಮೇಲೆ ಹೋಗುತ್ತದೆ. ಅದು ಪ್ರಯೋಜನಕ್ಕಿಲ್ಲ. ಮರುವಾಯಿ ಚಿಪ್ಪಿನಲ್ಲಿ ಬಣ್ಣ ಮಿನುಗುವ ಪದರವೇ ಇಲ್ಲ. ಪಚ್ಚಿಲೆ ಎಂಬ ಇನ್ನೊಂದು ಚಿಪ್ಪಿನಲ್ಲಿ ಇದೆ, ಆದರೆ ತೀರಾ ತೆಳು, ಡೊಂಕು ಬೇರೆ. ಕತ್ತರಿಸಿ ಸಮ ಮಾಡಿದ, ಒಂದು ಒಂದೂವರೆ ಮಿ.ಮೀ. ದಪ್ಪದ ಮುತ್ತಿನ ಚಿಪ್ಪಿನ ತುಂಡುಗಳನ್ನೇ ತರಿಸಿಕೊಳ್ಳಿ. ಚಿಪ್ಪಿನ ಹುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸುತ್ತಾ, ಮಾಸ್ಕ್ ಹಾಕಿಯೇ ಕತ್ತರಿಸಿ.

ವಿನ್ಯಾಸದ ವಿಷಯದಲ್ಲಿ ನನ್ನದೊಂದು ಕೋರಿಕೆ. ಮೊದಲ ಸಲವೇ ಯಕ್ಷಗಾನದ ಕಿರೀಟ ಕೂರಿಸಲು ಹೋಗಬೇಡಿ. ಮುಚ್ಚಳದ ಸುತ್ತ ಒಂದು ಪಟ್ಟಿ, ನಡುವೆ ನಾಲ್ಕಾರು ಉಡುಪಿ ಮಲ್ಲಿಗೆಯ ಮೊಗ್ಗು ಸಾಕು. ಮೊಗ್ಗಿಗೆ ಉದ್ದನೆಯ ಮೊಟ್ಟೆಯಾಕಾರ, ಚೂಪು ಮೂಲೆ ಇಲ್ಲ, ಚಿಪ್ಪು ಒಡೆಯುವ ಭಯವೂ ಕಡಿಮೆ.

ಇಲ್ಲೊಂದು ಮಾತು ನೆನಪಿಡಿ. ಅರ್ಧ ಮಿ.ಮೀ. ವಿನಿಯರ್‌ನಲ್ಲಿ ಒಂದೂವರೆ ಮಿ.ಮೀ. ಚಿಪ್ಪು ಹಿಡಿಸುವುದಿಲ್ಲ, ಗುಂಡಿ ಕೆಳಗಿನ ಹಲಗೆಗೂ ಇಳಿಯಲೇಬೇಕು. ಹಾಗಾಗಿ ಹಲಗೆ ಕನಿಷ್ಠ ಆರೇಳು ಮಿ.ಮೀ. ದಪ್ಪವಿರುವ ಜಾಗವನ್ನೇ ಆರಿಸಿ. ಕಾಗದದಲ್ಲಿ ಚಿತ್ರ ಬರೆದು ಚಿಪ್ಪಿಗೆ ಅಂಟಿಸಿ, ಅಕ್ಕಸಾಲಿಗರು ಬಳಸುವ ಸಣ್ಣ ಗರಗಸದಲ್ಲಿ ಕತ್ತರಿಸಿ. ಆ ತುಂಡನ್ನೇ ಮರದ ಮೇಲಿಟ್ಟು ಸುತ್ತ ಚೂಪು ಚಾಕುವಿನಿಂದ ಗೀರಿ. ಗೆರೆ ಕಾಣದಿದ್ದರೆ ಸೀಮೆಸುಣ್ಣದ ಪುಡಿ ಉಜ್ಜಿ. ಉಳಿಯಿಂದ ಒಳಗಿನ ಮರ ತೆಗೆಯಿರಿ. ತುಂಡು ಕೂತಾಗ ಕೂದಲೆಳೆಯಷ್ಟು ಮೇಲೆ ಉಳಿಯಲಿ. ಅದೇ ಮರದ ನುಣುಪು ಹುಡಿಯನ್ನು ಅರಾಲ್ಡೈಟ್‌ಗೆ ಬೆರೆಸಿ ಗುಂಡಿಗೆ ಹಾಕಿ ತುಂಡನ್ನು ಒತ್ತಿ. ಸಂದಿಗಳೆಲ್ಲ ಮರದ ಬಣ್ಣದಲ್ಲೇ ತುಂಬಿಕೊಳ್ಳುತ್ತವೆ. ಮಾರನೇ ದಿನ 240 ನಂಬರಿನ ಸ್ಯಾಂಡ್ ಪೇಪರನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ, ಕೈಯಲ್ಲೇ ಸಮ ಮಾಡಿ. ಮೆಷಿನ್ ಹಚ್ಚಿದರೆ ಕ್ಷಣದಲ್ಲಿ ವಿನಿಯರ್ ಸವೆದು ಕೆಳಗಿನ ಹಲಗೆ ಇಣುಕುತ್ತದೆ.

ಪಟ್ಟಿಗೆ ಹಲಸಿನ ಮರ ಒಳ್ಳೆಯದು. ಕಪ್ಪು ಬೀಟೆಯ ನಡುವೆ ಅದರ ಹಳದಿ ಎದ್ದು ಕಾಣುತ್ತದೆ. ಆದರೆ ವರ್ಷಗಳು ಕಳೆದಂತೆ ಬೆಳಕಿಗೆ ಹಲಸು ಕಂದು ತಿರುಗುತ್ತದೆ. ಆ ಬಣ್ಣವೂ ನನಗೆ ಇಷ್ಟವೇ. ಹಳದಿಯೇ ಉಳಿಯಬೇಕು ಅನ್ನುವವರು ಹಿತ್ತಾಳೆ ಪಟ್ಟಿ ಹಾಕಲಿ.

ಪಾಲಿಶ್

ಮನೆಯೊಳಗೇ ಇರುವ ವಾದ್ಯಕ್ಕೆ ಅರಗಿನ ಪಾಲಿಶ್, ನಮ್ಮ ಆಚಾರ್‍ರು ಹೇಳುವ ಫ್ರೆಂಚ್ ಪಾಲಿಶ್, ಬೇಕು. ತೆಳುವಾಗಿರುತ್ತದೆ, ಗೀರಾದರೆ ಆ ಜಾಗವನ್ನಷ್ಟೇ ಸರಿ ಮಾಡಬಹುದು. ಮೇಳದ ಲಾರಿಯಲ್ಲಿ ಊರೂರು ಸುತ್ತುವ, ಬೆವರು ಕೈಗಳು ಮುಟ್ಟುವ ಪೆಟ್ಟಿಗೆಗೆ ಪಿಯು ಮೇಲು. ನೀರಿಗೂ ಬಿಸಿ ಚಾಕ್ಕೂ ಹೆದರುವುದಿಲ್ಲ. ಡಬ್ಬಿಯ ಮೇಲಿನ ಸೂಚನೆಯಂತೆ ತೆಳುವಾಗಿ ಎರಡು ಮೂರು ಕೈ ಹಚ್ಚಿದರೆ ಮುಗಿಯಿತು. ಅರಗಿನದ್ದು ಅಷ್ಟು ಸುಲಭ ಅಲ್ಲ.

ಒಂದು ಲೀಟರ್ ಸ್ಪಿರಿಟ್‌ಗೆ 200 ಗ್ರಾಂ ಅರಗಿನ ಚಕ್ಕೆ. ಗಾಜಿನ ಬಾಟಲಿಯಲ್ಲಿ ಹಾಕಿ ಆಗಾಗ ಅಲ್ಲಾಡಿಸುತ್ತಿದ್ದರೆ ಒಂದು ರಾತ್ರಿಯಲ್ಲಿ ಕರಗುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ. ಸ್ಪಿರಿಟ್ ಅಂದರೆ ಬಣ್ಣದ ಅಂಗಡಿಯಲ್ಲಿ ಪಾಲಿಶ್‌ಗೆಂದೇ ಕೊಡುವ ಸ್ಪಿರಿಟ್. ಸ್ಯಾನಿಟೈಸರ್‌ನಲ್ಲಿ ನೀರು, ಗ್ಲಿಸರಿನ್ ಇರುತ್ತದೆ, ಅದು ನಡೆಯುವುದಿಲ್ಲ. ಒಮ್ಮೆ ಕಲಸಿದ್ದನ್ನು ಆರು ತಿಂಗಳಿಗಿಂತ ಜಾಸ್ತಿ ಇಡಬೇಡಿ, ಹಳೆಯದಾದ ಅರಗು ಒಣಗದೆ ಅಂಟಂಟಾಗಿಯೇ ಉಳಿಯುತ್ತದೆ. ಅನುಮಾನ ಇದ್ದರೆ ಗಾಜಿನ ಮೇಲೆ ಒಂದು ಹನಿ ಬಿಟ್ಟು ನೋಡಿ. ದೇವರ ದೀಪ, ಗ್ಯಾಸ್ ಒಲೆ ಹತ್ತಿರ ಈ ಕೆಲಸ ಬೇಡವೇ ಬೇಡ.

ಬೀಟೆಯ ಬಣ್ಣ ಸ್ಪಿರಿಟ್‌ಗೆ ಕರಗಿ ಹರಿಯುತ್ತದೆ. ಒಂದೇ ಒರೆತಕ್ಕೆ ನಿಮ್ಮ ಹಳದಿ ಹಲಸಿನ ಪಟ್ಟಿ ನೇರಳೆ ಕಂದು ಬಣ್ಣಕ್ಕೆ ತಿರುಗೀತು. ಆದ್ದರಿಂದ ಮೊದಲು ಸಣ್ಣ ಬ್ರಶ್‌ನಿಂದ ಹಲಸಿನ ಪಟ್ಟಿಗೆ ಮಾತ್ರ ಎರಡು ಕೈ ಅರಗು ಹಚ್ಚಿ ಒಣಗಿಸಿ. ಆಮೇಲೆ ಉಳಿದ ಜಾಗ.

ಹತ್ತಿಯ ಉಂಡೆಗೆ ಹಳೆಯ ಪಂಚೆಯ ತುಂಡು ಸುತ್ತಿದರೆ ಪ್ಯಾಡ್ ಸಿದ್ಧ. ಹೊಸ ಬಟ್ಟೆ ನೂಲು ಬಿಡುತ್ತದೆ. ಅರಗನ್ನು ಒಳಗಿನ ಹತ್ತಿಗೆ ಹಾಕಿ, ಅಂಗೈ ಮೇಲೆ ಒತ್ತಿದರೆ ತುಸು ತೇವ ಕಾಣಬೇಕು, ಸುರಿಯಬಾರದು. ಮೊದಲು ಮರದ ಎಳೆಯ ಜಾಡಿನಲ್ಲಿ, ನಂತರ ದುಂಡಗೆ, ನಂತರ ಎಂಟರ ಆಕಾರದಲ್ಲಿ ಉಜ್ಜಿ. ವಿಮಾನ ಇಳಿದು ಏರುವ ಹಾಗೆ ಪ್ಯಾಡ್ ಓರೆಯಾಗಿ ಬರಬೇಕು, ಓರೆಯಾಗಿಯೇ ಹೋಗಬೇಕು. ನಡುವೆ ನಿಲ್ಲಿಸಿದಿರೋ, ಅಲ್ಲೇ ಬಟ್ಟೆಯ ಗುರುತು. ಪ್ಯಾಡ್ ಹಿಡಿದು ಎಳೆಯತೊಡಗಿದರೆ ಒಂದು ಹನಿ ಲಿಕ್ವಿಡ್ ಪ್ಯಾರಾಫಿನ್ ಮುಟ್ಟಿಸಿ. ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ತೆಂಗಿನೆಣ್ಣೆ ಬೇಡ. ನಮ್ಮ ಮನೆಗಳಲ್ಲಿ ಎಲ್ಲಕ್ಕೂ ತೆಂಗಿನೆಣ್ಣೆಯೇ ಮದ್ದು, ಅಲ್ವಾ? ಆದರೆ ಅದು ಒಣಗುವ ಎಣ್ಣೆಯಲ್ಲ, ಚಳಿಗೆ ಗಟ್ಟಿಯಾಗುತ್ತದೆ, ಕಮಟು ಹಿಡಿಯುತ್ತದೆ, ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ.

ಇನ್ನು ತೇವದ ವಿಷಯ. ಸ್ಪಿರಿಟ್ ಆರುವಾಗ ಮರದ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿಯಿದ್ದರೆ ಅದು ಅಲ್ಲೇ ನೀರಾಗಿ ಪಾಲಿಶ್‌ನೊಳಗೆ ಸಿಕ್ಕಿಬೀಳುತ್ತದೆ. ಬಿಳಿ ಮಂಜು ಬರುವುದು ಹೀಗೆ. ಗಾಳಿಯ ತೇವ ಅಳೆಯುವ ಸಣ್ಣ ಮೀಟರ್ ಅಗ್ಗಕ್ಕೆ ಸಿಗುತ್ತದೆ, ಒಂದನ್ನು ಕೊಳ್ಳಿ. ಅದು ಶೇ 65ಕ್ಕಿಂತ ಕೆಳಗೆ ತೋರಿಸಿದಾಗ ಮಾತ್ರ ಪ್ಯಾಡ್ ಹಿಡಿಯಿರಿ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಬೆಳಿಗ್ಗೆ ಹನ್ನೊಂದರಿಂದ ಮೂರರೊಳಗೆ ಅಂಥ ಹೊತ್ತು ಸಿಗುತ್ತದೆ. ಬೆಳ್ಳಂಬೆಳಗ್ಗೆ ಇಬ್ಬನಿ ಇರುವಾಗ ಬೇಡ. ಏಸಿ ಕೋಣೆ ಇದ್ದರೆ ಇನ್ನೂ ಒಳ್ಳೆಯದು. ಮಂಜು ಬಂದೇಬಿಟ್ಟರೆ ಕೆರೆಯಬೇಕಾಗಿಲ್ಲ. ಒಣ ದಿನವೊಂದನ್ನು ಕಾದು, ಸ್ಪಿರಿಟ್ ತುಸುವೇ ತಾಗಿಸಿದ ಪ್ಯಾಡನ್ನು ಹಗುರವಾಗಿ ಆಡಿಸಿದರೆ ಹೆಚ್ಚಾಗಿ ಬಿಡುತ್ತದೆ.

ದಿನಕ್ಕೆ ಒಂದು ಸುತ್ತು, ನಡುವೆ ಪೂರ್ತಿ ಒಣಗಲು ಬಿಡುವು. ಹೊಳಪು ಸಾಕೆನಿಸಿದಾಗ ನಿಲ್ಲಿಸಿ. ಅತಿ ಹೊಳಪು ಬೇಡದವರು ಎರಡು ಮೂರು ವಾರ ಬಿಟ್ಟು 0000 ನಂಬರಿನ ಉಕ್ಕಿನ ಉಣ್ಣೆಗೆ (ಸ್ಟೀಲ್ ವೂಲ್) ಜೇನುಮೇಣ ಹಚ್ಚಿ ಹಗುರವಾಗಿ ಉಜ್ಜಲಿ. ನನ್ನ ಕಣ್ಣಿಗೆ ಅದೇ ಚಂದ.

ಮತ್ತೆ ಜೋಡಿಸುವಾಗ

ಪೆಟ್ಟಿಗೆಯ ಒಳಗೆಲ್ಲ ಒಣ ಬ್ರಶ್ ಆಡಿಸಿ, ಹುಡಿ ತೆಗೆದು, ಆಮೇಲೆ ರೀಡ್ ಹಲಗೆ ಕೂರಿಸಿ. ತಿದಿ ಹಾಕಿ, ಯಾವ ಕೀಯನ್ನೂ ಒತ್ತದೆ ಗಾಳಿ ತುಂಬಿ ನೋಡಿ. ತಿದಿ ಬೇಗ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ, ಸಾಮಾನ್ಯವಾಗಿ ಹಲಗೆಯ ಸ್ಕ್ರೂ ಸಮ ಬಿಗಿಯಾಗಿರುವುದಿಲ್ಲ. ಮುಚ್ಚಳಕ್ಕೆ ವಿನಿಯರ್ ಸೇರಿ ದಪ್ಪವಾಗಿದ್ದರೆ ಕೊಂಡಿ ಕೂರುವುದಿಲ್ಲ, ಅದರ ಗುಂಡಿಯನ್ನು ತುಸು ಆಳ ಮಾಡಿಕೊಳ್ಳಿ.

ವಾದ್ಯವನ್ನು ಗಲ್ಫಿಗೋ ಬೇರೆ ದೇಶಕ್ಕೋ ಒಯ್ಯುವವರು ಬೀಟೆ ಬಳಸಿದ್ದರೆ ವಿನಿಯರ್ ಬಿಲ್ ಎತ್ತಿಡಿ. 2017ರಿಂದ ಬೀಟೆಯ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿದೆ. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಬಿಡಿ ಮರ ಮತ್ತು ವಿನಿಯರ್‌ಗೆ ಸಿಗಲಿಲ್ಲ.

ಹೊಸ ಪಾಲಿಶ್ ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಇನ್ನೂ ಮೆತ್ತಗಿರುತ್ತದೆ. ಒಂದು ತಿಂಗಳು ಹಳೆಯ ಹತ್ತಿ ಸೀರೆ ಹೊದಿಸಿ ಇಡಿ. ರೆಕ್ಸಿನ್ ಕವರ್ ಆಮೇಲೆ ಹಾಕಿದರಾಯಿತು, ಈಗಲೇ ಹಾಕಿದರೆ ಅದರ ಒಳಬದಿಯ ಅಚ್ಚು ಮುಚ್ಚಳದ ಮೇಲೆ ಮೂಡುತ್ತದೆ.